ಎರಡು ಮಶೀನಿಗೆ ಒಂದೇ ಹಸಿರು ಗಾಜು

ಬಟನ್ ಒತ್ತಿದರೆ ಸಾಕು, ಲೇಸರ್ ತಾನೇ ಕತ್ತರಿಸಿಕೊಂಡು ಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಅವರ ಮುಖವನ್ನು ಸರಿಯಾಗಿ ನೋಡಿಟ್ಟುಕೊಳ್ಳಿ. ನಾಳೆ ಏನಾದರೂ ಹೆಚ್ಚುಕಡಿಮೆಯಾದಾಗ ನಿಮ್ಮ ಕಡೆ ಬೊಟ್ಟು ಮಾಡುವವರು ಅವರೇ. ನಾನು ಇದೇ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ಈಗಷ್ಟೇ ನಿವೃತ್ತನಾಗಿದ್ದೇನೆ. ಇನ್ನಾದರೂ ಆರಾಮಾಗಿ ಮನೆಯಲ್ಲಿ ಕೂತು ಚಹಾ ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಚಹಾ ಕುಡಿಯುತ್ತೇನೆ, ಸಿಟ್ಟು ಮಾತ್ರ ಇಳಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ನಾಸಿಕ್ ಕಡೆಯ ಸಿನ್ನರ್‌ನಲ್ಲೋ ಸಂಭಾಜಿನಗರದ ವಾಳುಜ್‌ನಲ್ಲೋ ಮೊದಲ ಸಲ ಲೇಸರ್ ಮಶೀನಿನ ಮುಂದೆ ನಿಂತಿರುವ ಹುಡುಗ ಹುಡುಗಿಯರು ಇದನ್ನು ಓದಲಿ. ಉಳಿದವರು ಓದಿದರೂ ಸರಿ, ಬಿಟ್ಟರೂ ಸರಿ.

ನಾನು ಬಾಗಲಕೋಟೆ ಕಡೆಯವನು, ಹೆಸರು ಈರಣ್ಣ. ನನ್ನ ಸೋದರಮಾವ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಇಲ್ಲಿ ಕೈಕೆಲಸ ಬಲ್ಲವನಿಗೆ ಉಪವಾಸವಿಲ್ಲ, ಬಾ ಎಂದು ಅವರು ಕರೆದರು, ಬಂದೆ. ನಾಸಿಕ್ ರೋಡಿನಲ್ಲಿ ಮನೆ, ಸಿನ್ನರ್ ಕೈಗಾರಿಕಾ ಎಸ್ಟೇಟಿನಲ್ಲಿ ಕೆಲಸ. ಮೊದಮೊದಲು ತಗಡು ಕತ್ತರಿಸುತ್ತಿದ್ದದ್ದು ದೊಡ್ಡ ಶಿಯರಿಂಗ್ ಮಶೀನಿನಲ್ಲಿ, ದಪ್ಪ ಪ್ಲೇಟಾದರೆ ಗ್ಯಾಸಿನಲ್ಲಿ. ಆಮೇಲೆ ಕಂಪನಿಗೆ ಲೇಸರ್ ಬಂತು. ಮಾಲೀಕರು, ನಾವೆಲ್ಲ ಶೇಠ್ ಎನ್ನುತ್ತಿದ್ದೆವು, ಅದಕ್ಕೆ ತೆಂಗಿನಕಾಯಿ ಒಡೆದು ಪೇಢೆ ಹಂಚಿದರು. ನನ್ನನ್ನೂ ಶಿವಪುತ್ರ ಎಂಬ ಇನ್ನೊಬ್ಬನನ್ನೂ ಅದರ ಮುಂದೆ ನಿಲ್ಲಿಸಿದರು.

ಪವರ್ ಮತ್ತು ಸ್ಪೀಡ್, ಈ ಕೆಲಸದ ಜೀವ ಇರುವುದು ಇವೆರಡರಲ್ಲಿ. ಮಶೀನ್ ಕೊಟ್ಟ ಕಂಪನಿಯವರು ಯಾವ ದಪ್ಪದ ತಗಡಿಗೆ ಎಷ್ಟು ಪವರ್, ಎಷ್ಟು ಸ್ಪೀಡ್ ಎಂದು ಚಾರ್ಟ್ ಕೊಡುತ್ತಾರೆ. ಆ ಚಾರ್ಟ್ ಬರೆದವರು ನಮ್ಮ ಅಂಗಳದಲ್ಲಿ ಮಳೆಗೆ ನೆನೆದು, ತುಕ್ಕು ಹಿಡಿದು, ಎಣ್ಣೆ ಮೆತ್ತಿಕೊಂಡು ಬಿದ್ದಿರುವ ತಗಡನ್ನು ನೋಡಿದವರಲ್ಲ. ಸ್ಪೀಡ್ ಹೆಚ್ಚಾದರೆ ಕಿರಣ ಕೆಳಗಿನವರೆಗೆ ಇಳಿಯುವುದಿಲ್ಲ. ಕರಗಿದ ಕಬ್ಬಿಣ ಕೆಳಗಂಚಿಗೆ ಹನಿಹನಿಯಾಗಿ ಅಂಟಿ ಗಟ್ಟಿಯಾಗುತ್ತದೆ, ಅದಕ್ಕೆ ನಾವು ಬರ್ ಎನ್ನುತ್ತೇವೆ. ಸ್ಪೀಡ್ ಕಡಿಮೆಯಾದರೆ ಅಂಚು ಸುಟ್ಟು, ಸಣ್ಣ ತೂತುಗಳೆಲ್ಲ ದೊಡ್ಡದಾಗಿ ಕೂರುತ್ತವೆ. ಮೂಲೆ ಬಂದಾಗ ಕಿರಣ ಬಿಡುವ ಹೆಡ್ ನಿಧಾನವಾಗುತ್ತದೆ, ಆಗ ಪವರ್ ಕೂಡ ಇಳಿಯಬೇಕು, ಇಲ್ಲದಿದ್ದರೆ ಮೂಲೆ ಕರಗಿ ಹೋಗುತ್ತದೆ. ಇದನ್ನೆಲ್ಲ ನೋಡಿ, ಮುಟ್ಟಿ, ಒಂದಿಷ್ಟು ತಗಡು ಹಾಳು ಮಾಡಿಯೇ ಕಲಿಯಬೇಕು.

ಹಾಳು ಮಾಡಲು ಬಿಡುವವರು ಬೇಕಲ್ಲ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಬೋರಸೆ ಸಾಹೇಬರು ಎಂಬುವರು. ಅವರಿಗೆ ಗೊತ್ತಿದ್ದದ್ದು ಒಂದೇ ಸೆಟ್ಟಿಂಗ್, ಜಲ್ದಿ. ಪ್ಯಾನೆಲ್ ಮೇಲೆ ತಿರುಗಿಸುವ ಗುಂಡಿಯೊಂದು ಇರುತ್ತದೆ. ಪ್ರೋಗ್ರಾಮಿನಲ್ಲಿ ಏನೇ ಸ್ಪೀಡ್ ಬರೆದಿರಲಿ, ಆ ಗುಂಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಬೋರಸೆ ಸಾಹೇಬರು ಆ ಕಡೆ ಹಾಯುವಾಗಲೆಲ್ಲ ಮಾತಿಲ್ಲದೆ ಕೈ ಚಾಚಿ ಗುಂಡಿ ಮೇಲಕ್ಕೆ ತಿರುಗಿಸಿ ಹೋಗುತ್ತಿದ್ದರು. ಅವರು ಬೆನ್ನು ತಿರುಗಿಸಿದೊಡನೆ ನಾವು ಇಳಿಸುತ್ತಿದ್ದೆವು. ಎರಡನೇ ಪಾಳಿಯವನೊಬ್ಬ ಜಾಣತನ ಮಾಡಿದ. ಸಾಹೇಬರು ಹೇಗೂ ಏರಿಸುತ್ತಾರಲ್ಲ ಎಂದು ಪ್ರೋಗ್ರಾಮಿನಲ್ಲೇ ಸ್ಪೀಡ್ ಕಡಿಮೆ ಬರೆದಿಟ್ಟ. ಅದು ಚೆನ್ನಾಗಿಯೇ ನಡೆಯಿತು. ಒಂದು ದಿನ ಸಾಹೇಬರು ಮಗಳ ಮದುವೆಗೆ ರಜೆ ಹಾಕಿದರು. ಗುಂಡಿ ಏರಿಸುವವರಿಲ್ಲ. ಅವತ್ತಿನ ಮಾಲೆಲ್ಲ ಮೂಲೆ ಸುಟ್ಟು ಹಪ್ಪಳದ ಅಂಚಿನ ಹಾಗಾಯಿತು. ಬೈಸಿಕೊಂಡವನು ಆ ಪಾಳಿಯವನು. ವರ್ಷಗಟ್ಟಲೆ ಗುಂಡಿ ತಿರುವಿದವರನ್ನು ಯಾರೂ ಕೇಳಲಿಲ್ಲ.

ಆಗ ನಾಸಿಕ್ ರೋಡ್ ಸ್ಟೇಷನ್ ಹತ್ತಿರ ಕುಂದಾಪುರದ ಕಡೆಯ ಶೆಟ್ಟರೊಬ್ಬರ ಹೋಟೆಲ್ ಇತ್ತು. ಕನ್ನಡದವರೆಂದು ನಾನು ಬೆಳಗಿನ ಇಡ್ಲಿಗೆ ಅಲ್ಲಿಗೇ ಹೋಗುತ್ತಿದ್ದೆ. ದೊಡ್ಡ ಇಡ್ಲಿ ಪೆಟ್ಟಿಗೆಗೆ ಸ್ಟೀಲಿನ ತೂತಿನ ತಟ್ಟೆಗಳನ್ನು ಅವರು ನಮ್ಮಲ್ಲೇ ಮಾಡಿಸಿದರು. ಬೋರಸೆ ಸಾಹೇಬರು ಗುಂಡಿಯನ್ನು ತುದಿಗೆ ತಿರುಗಿಸಿ ಒಂದೇ ಬೆಳಿಗ್ಗೆಯಲ್ಲಿ ಕತ್ತರಿಸಿ ಕಳಿಸಿದರು. ಮರುದಿನ ಶೆಟ್ಟರು ನನ್ನನ್ನು ಅಡಿಗೆಮನೆಗೆ ಕರೆದು, ಇಡ್ಲಿ ಬಟ್ಟೆಯನ್ನು ಒದ್ದೆ ಮಾಡಿ ತಟ್ಟೆಯ ಅಡಿಭಾಗದ ಮೇಲೆ ಎಳೆದರು. ತೂತು ತೂತಿಗೂ ನೂಲು ಸಿಕ್ಕಿಕೊಂಡು ಬಟ್ಟೆ ಪರಪರ ಹರಿಯಿತು. "ಈರಣ್ಣ, ನಿಮ್ಮ ಸಾಹೇಬರಿಗೆ ಹೇಳಿ ಮಾರಾಯ್ರೆ, ಇಡ್ಲಿ ತಿನ್ಲಿಕ್ಕೆ ಬರುವವರು ಕಬ್ಬಿಣ ತಿನ್ನುದಿಲ್ಲ ಅಂತ" ಎಂದರು. ತಟ್ಟೆಗಳೆಲ್ಲ ವಾಪಸ್ ಬಂದವು. ಸಾಹೇಬರಿಗೆ ನಾನು ಶೆಟ್ಟರ ಮಾತನ್ನು ಅಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಅವತ್ತಿನಿಂದ ಒಂದು ಒದ್ದೆ ಬಟ್ಟೆ ನನ್ನ ಮಶೀನಿನ ಪಕ್ಕದಲ್ಲಿ ಇದ್ದೇ ಇರುತ್ತಿತ್ತು.

ಶಿವಪುತ್ರನಿಗೆ ಬಟ್ಟೆಯೂ ಬೇಕಿರಲಿಲ್ಲ. ಅವನು ವಿಜಯಪುರದ ಕಡೆಯವನು, ನನ್ನ ವಾರಿಗೆಯವನೇ, ನಾಸಿಕ್ ರೋಡಿನಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಮನೆ. ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ಅವನು ಕಿಡಿ ನೋಡಿ ಸ್ಪೀಡ್ ಹೇಳುವವನು. ತಗಡಿನ ಕೆಳಗೆ ಉದುರುವ ಕಿಡಿ ನೆಟ್ಟಗೆ ಇಳಿಯುತ್ತಿದ್ದರೆ ಸರಿ. ಹಿಂದಕ್ಕೆ ಬಾಗಿದರೆ ಸ್ಪೀಡ್ ಜಾಸ್ತಿ. ಒಂದೇ ಕಡೆ ಗೊಂಚಲಾಗಿ ಬಿದ್ದರೆ ಕಡಿಮೆ. ಮಶೀನಿನ ಕಿಟಕಿಗೆ ಹಣೆ ಹಚ್ಚಿ ನಿಂತು, ಒಂದು ಕೈ ಗುಂಡಿಯ ಮೇಲಿಟ್ಟು, ರೇಡಿಯೋ ಸ್ಟೇಷನ್ ಹಿಡಿಯುವವನ ಹಾಗೆ ಒಂದಿಷ್ಟೇ ಇಷ್ಟು ತಿರುಗಿಸುತ್ತಿದ್ದ. ಅವನು ಕತ್ತರಿಸಿದ ಮಾಲಿಗೆ ಗ್ರೈಂಡರ್ ಹಿಡಿಯುವ ಕೆಲಸ ಬೀಳುತ್ತಿರಲಿಲ್ಲ. ನಾನೂ ಅವನನ್ನು ನೋಡಿಯೇ ಕಿಡಿ ಓದಲು ಕಲಿತೆ. ಹಳೆಯ ಮಶೀನಿಗೆ ಇದ್ದದ್ದು ಸಾದಾ ಅಕ್ರಿಲಿಕ್ ಕಿಟಕಿ, ಗಾಜಿನಂಥ ಪ್ಲಾಸ್ಟಿಕ್, ನೀರಿನ ಹಾಗೆ ತಿಳಿ. ಹಾಗೆ ನೋಡಿ ನೋಡಿಯೇ ನಾವು ವರ್ಷಗಳನ್ನು ಕಳೆದೆವು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಬಂದದ್ದು ಫೈಬರ್ ಲೇಸರ್. ಸಿನ್ನರ್‌ಗೆ ಒಂದು, ವಾಳುಜ್‌ನಲ್ಲಿ ಶೇಠ್ ಹೊಸದಾಗಿ ತೆಗೆದ ಶೆಡ್ಡಿಗೆ ಇನ್ನೊಂದು. ಹಳೆಯದಕ್ಕಿಂತ ಎಷ್ಟೋ ಪಟ್ಟು ಜೋರು, ಕರೆಂಟ್ ಖರ್ಚು ಕಡಿಮೆ. ಇದರ ಕಿಟಕಿಯ ಗಾಜು ಹಸಿರು. ಜೋಡಿಸಲು ಬಂದ ಸರ್ವಿಸ್ ಇಂಜಿನಿಯರ್ ನನ್ನನ್ನೂ ಶಿವಪುತ್ರನನ್ನೂ ಮುಂದೆ ನಿಲ್ಲಿಸಿಕೊಂಡು ಬಿಡಿಸಿ ಹೇಳಿದ. ಹಳೆಯ ಲೇಸರಿನ ಕಿರಣಕ್ಕೆ ಸಾದಾ ಅಕ್ರಿಲಿಕ್ ಗೋಡೆ ಇದ್ದ ಹಾಗೆ, ಆಚೆ ಬರಲಾರದು. ಈ ಕಿರಣ ಹಾಗಲ್ಲ, ಅದು ಅಕ್ರಿಲಿಕ್ಕನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ತೂರಿಕೊಂಡು ನೇರವಾಗಿ ಕಣ್ಣಿನ ಒಳಪರದೆಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಬೆಳಕಲ್ಲವಾದ್ದರಿಂದ ರೆಪ್ಪೆ ಕೂಡ ಮುಚ್ಚುವುದಿಲ್ಲ. ತಡೆಯುವುದು ಈ ಹಸಿರು ಗಾಜು ಮಾತ್ರ. ಓದುತ್ತಿರುವ ನೀವು ಇದಿಷ್ಟನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಚಾರ್ಟಿನಲ್ಲಿದೆ.

ಒಂದು ದಿನ ಕ್ರೇನಿನಿಂದ ತಗಡು ಜಾರಿ ಅದರ ಮೂಲೆ ಕಿಟಕಿಗೆ ಬಡಿಯಿತು. ಹಸಿರು ಗಾಜು ಅಡ್ಡಲಾಗಿ ಸೀಳಿತು. ಹೊಸ ಗಾಜು ಹೊರದೇಶದಿಂದ ಬರಬೇಕು, ತಡವಾಗುತ್ತದೆ ಎಂದರು. ಅಲ್ಲಿಯವರೆಗೆ ಮಶೀನ್ ನಿಲ್ಲಿಸಬೇಕು ಎಂದು ನಾನು ಹೇಳಿದೆ. ಬೋರಸೆ ಸಾಹೇಬರು ನನ್ನ ಕಡೆ ನೋಡದೆ, ಹಳೆಯ ಮಶೀನಿಗೆಂದು ತರಿಸಿಟ್ಟಿದ್ದ ಅಕ್ರಿಲಿಕ್ ಹಾಳೆಯಲ್ಲಿ ಒಂದು ತುಂಡು ಕತ್ತರಿಸಿ ಕಿಟಕಿಗೆ ಕೂರಿಸಿದರು. ಇಷ್ಟು ವರ್ಷ ಇದೇ ಇತ್ತು, ನಿಮ್ಮಲ್ಲಿ ಯಾರಾದರೂ ಕುರುಡರಾದಿರಾ ಎಂದು ಕೇಳಿದರು. ಸುತ್ತ ನಿಂತವರೆಲ್ಲ ನಕ್ಕರು. ಶಿವಪುತ್ರನೂ ನಕ್ಕ. ಅವನಿಗೆ ತಿಳಿ ಗಾಜೇ ಇಷ್ಟ. ಹಸಿರಿನಲ್ಲಿ ಕಿಡಿಯ ಬಣ್ಣ ತಿಳಿಯುವುದಿಲ್ಲ ಎಂದು ಅವನು ಮೊದಲಿನಿಂದಲೂ ಗೊಣಗುತ್ತಿದ್ದ.

ನನಗೆ ಮೈ ಉರಿಯಿತು. ಅದೇ ಅಕ್ರಿಲಿಕ್ಕಿನ ಉಳಿದ ಚೂರೊಂದನ್ನು ತೆಗೆದುಕೊಂಡೆ. ಮಶೀನಿನೊಳಗೆ ಒಂದು ಸ್ಟೀಲ್ ತುಂಡಿಟ್ಟು, ಅದರ ಮೇಲೆ ಚೂರು ಅಂತರ ಬಿಟ್ಟು ಆ ಅಕ್ರಿಲಿಕ್ ಇಟ್ಟೆ. ಪವರ್ ತೀರಾ ಇಳಿಸಿ ಒಂದೇ ಒಂದು ಹೊಡೆತ ಕೊಟ್ಟೆ. ಅಕ್ರಿಲಿಕ್ ಇದ್ದ ಹಾಗೇ ಇತ್ತು. ಕೆಳಗಿನ ಸ್ಟೀಲಿನ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು. ಎರಡನ್ನೂ ಸಾಹೇಬರ ಕೈಯಲ್ಲಿಟ್ಟೆ. ಅವರು ದಡ್ಡರಲ್ಲ, ಅರ್ಥವಾಯಿತು. ಆದರೂ ಇದು ಹೆಡ್ಡಿನ ತುದಿಯ ನಾಜಲ್ಲಿನ ಬಾಯಲ್ಲೇ ಬಿದ್ದ ಕಿರಣ, ಚದುರಿ ಕಿಟಕಿಯವರೆಗೆ ಬರುವಷ್ಟರಲ್ಲಿ ಅದರಲ್ಲಿ ಏನು ಉಳಿದಿರುತ್ತದೆ ಎಂದು ವಾದ ಹೂಡಿದರು. ನಾನು ಆ ಕಿಟಕಿಯ ಮುಂದೆ ನಿಲ್ಲುವುದಿಲ್ಲ ಎಂದೆ. ವಾರ ತುಂಬುವುದರೊಳಗೆ ನನ್ನನ್ನು ವಾಳುಜ್ ಶೆಡ್ಡಿಗೆ ಎತ್ತಿಹಾಕಿದರು. ಅಲ್ಲಿ ಅನುಭವಸ್ಥರು ಬೇಕಂತೆ. ಅಲ್ಲಿಯ ಮಶೀನಿಗೆ ಹಸಿರು ಗಾಜು ಇತ್ತು. ಹೋಗುವ ಮೊದಲು ಶಿವಪುತ್ರನಿಗೆ, ಕಿಡಿ ನೋಡುವುದನ್ನು ಬಿಡು, ಬಟ್ಟೆ ಎಳೆದು ನೋಡು, ಕಿಟಕಿಯ ಹತ್ತಿರ ಹೋಗಬೇಡ ಎಂದು ಬಾಯಿ ನೋಯುವಷ್ಟು ಹೇಳಿದೆ. ಅವನು ನನ್ನ ಬೆನ್ನು ತಟ್ಟಿ, ನೀನು ಹುಟ್ಟು ಅಂಜುಬುರುಕ ಎಂದ.

ಹೀಗೆ ನಾನು ಸಂಭಾಜಿನಗರದವನಾದೆ. ಆಗಿನ್ನೂ ಬಸ್ಸಿನ ಬೋರ್ಡಿನಲ್ಲಿ ಔರಂಗಾಬಾದ್ ಎಂದೇ ಇತ್ತು. ಒಂಟಿ ಕೋಣೆ, ಮೆಸ್ಸಿನ ಊಟ, ಬಿಡುವು ಸಿಕ್ಕಾಗ ಮಾತ್ರ ನಾಸಿಕ್ ರೋಡಿನ ಮನೆ. ವಾಳುಜ್‌ನ ಹುಡುಗರಿಗೆ ಸೆಟ್ಟಿಂಗ್ ಕಲಿಸಿದೆ. ಒಬ್ಬೊಬ್ಬರಿಗೂ ಮೊದಲ ದಿನ ಆ ಅಕ್ರಿಲಿಕ್ ಚೂರು ಮತ್ತು ಸ್ಟೀಲಿನ ಆಟ ತೋರಿಸಿಯೇ ಪ್ಯಾನೆಲ್ ಮುಟ್ಟಲು ಬಿಡುತ್ತಿದ್ದೆ. ಆ ಹುಡುಗರು ಇವತ್ತಿಗೂ ನನ್ನನ್ನು ಚಷ್ಮಾ ಕಾಕಾ ಎಂದು ಕರೆಯುತ್ತಾರೆ, ಲೇಸರ್ ತಡೆಯುವ ಕನ್ನಡಕ ಹಾಕಿಕೊಳ್ಳದೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ.

ಒಂದು ಶ್ರಾವಣದಲ್ಲಿ ಶಿವಪುತ್ರ ಹೆಂಡತಿ ಮಗಳನ್ನು ಕರೆದುಕೊಂಡು ನಮ್ಮೂರ ಹತ್ತಿರದ ವೇರೂಳಿಗೆ ಬಂದ. ಘೃಷ್ಣೇಶ್ವರನ ದರ್ಶನ ಮುಗಿಸಿ ಎಲ್ಲರೂ ಅಲ್ಲಿಯ ಬೆಟ್ಟದಲ್ಲಿ ಕಡೆದ ಗುಹೆ ನೋಡಲು ಹೋದೆವು. ಮಗಳು ಅಶ್ವಿನಿ ಆಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಮರಾಠಿಯಲ್ಲಿ ಉತ್ತರಿಸುವವಳು. ಒಂದು ಗುಹೆಯೊಳಗೆ ಶಿವಪುತ್ರ ಕಂಬದ ಮುಂದೆ ನಿಂತು, "ಇಷ್ಟೆಲ್ಲಾ ಕಡದವರು ಈ ಕಂಬ ಯಾಕ ಸೊಟ್ಟ ಕಡದಾರೋ" ಎಂದ. ಕಂಬ ನೆಟ್ಟಗಿತ್ತು. ಅಶ್ವಿನಿ ನಕ್ಕಳು. ನನಗೆ ನಗು ಬರಲಿಲ್ಲ. ಬಲಗಣ್ಣು ಮುಚ್ಚಿ ನೋಡು ಎಂದೆ. ನೆಟ್ಟಗಾಯಿತು ಎಂದ. ಎಡಗಣ್ಣು ಮುಚ್ಚಿಸಿದೆ. ಮತ್ತೆ ಬಾಗಿತು, ನಡುವೆ ಹೊಗೆಯ ಹಾಗೆ ಏನೋ ಇದೆ, ಸುಮಾರು ದಿನದಿಂದ ಇದೆ ಎಂದ.

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಒಳಪರದೆಯ ಚಿತ್ರ ತೆಗೆದು, ನಟ್ಟನಡುವೆ ಸುಟ್ಟ ಕಲೆ ಇದೆ, ಯಾವ ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆವು. ಇದು ವಾಪಸ್ ಬರುವುದಿಲ್ಲ ಎಂದರು. ಎಡಗಣ್ಣಿನಲ್ಲೂ ಶುರುವಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಸ್ವಲ್ಪ ಸಕ್ಕರೆಯೂ ಇದೆ ಎಂದು ಬಂತು, ಆದರೆ ಈ ಕಲೆ ಸಕ್ಕರೆಯದಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಕಂಪನಿಯ ಕಿವಿಗೆ ಮಾತ್ರ ಸಕ್ಕರೆ ಎಂಬ ಒಂದೇ ಮಾತು ಬಿತ್ತು. ಶಿವಪುತ್ರನಿಗೆ ಶುಗರ್, ಪಾಪ, ಬಾಯಿ ಕಟ್ಟಲಿಲ್ಲ, ಕಣ್ಣು ಕಳೆದುಕೊಂಡ ಎಂದು ಕ್ಯಾಂಟೀನಿನವರೆಗೂ ಸುದ್ದಿ ಮುಟ್ಟಿಸಿದರು. ಅವನಿಗೆ ಜಿಲೇಬಿ ತಿನ್ನುವ ಚಟವಿತ್ತೆಂದು ಕೂಡ ಯಾರೋ ಸೇರಿಸಿದರು. ಅವನನ್ನು ಮಶೀನಿನಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ಕಿಟಕಿಯಲ್ಲಿ ಅದೇ ಅಕ್ರಿಲಿಕ್, ಅದರ ಮುಂದೆ ಬೇರೊಬ್ಬ.

ಯಾರು ದೂರು ಕೊಟ್ಟರೋ ಗೊತ್ತಿಲ್ಲ. ನಾನೇ ಕೊಟ್ಟದ್ದು ಎಂದು ಬೋರಸೆ ಸಾಹೇಬರು ಇವತ್ತಿಗೂ ನಂಬಿದ್ದಾರೆ, ನಂಬಲಿ. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುತ್ತಾರೆ ಎಂದಾಯಿತು. ಆ ಬೆಳಿಗ್ಗೆ ನಾನು ವಾಳುಜ್‌ನಲ್ಲಿ ಕೆಲಸಕ್ಕೆ ಬಂದರೆ ನನ್ನ ಮಶೀನ್ ಬಂದ್ ಆಗಿ ನಿಂತಿದೆ, ಕಿಟಕಿ ಇರಬೇಕಾದ ಕಡೆ ಬರೀ ಚೌಕಟ್ಟು. ಹಸಿರು ಗಾಜು ಇಲ್ಲ. ಮೇಂಟೆನೆನ್ಸ್ ಎಂದರು. ಕಂಪನಿಯ ಜೀಪ್ ಬೆಳಕು ಹರಿಯುವ ಮೊದಲೇ ಕಂಬಳಿಯಲ್ಲಿ ಸುತ್ತಿದ ಏನನ್ನೋ ಹಾಕಿಕೊಂಡು ಸಿನ್ನರ್ ಕಡೆ ಹೋಯಿತೆಂದು ವಾಚ್‌ಮನ್ ಹೇಳಿದ. ನನಗೆ ಎಲ್ಲ ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು. ರಜೆ ಕೇಳುವ ಗೋಜಿಗೂ ಹೋಗದೆ, ಸಿಕ್ಕ ಬಸ್ಸು ಹತ್ತಿದೆ.

ಸಿನ್ನರ್ ಶೆಡ್ಡಿಗೆ ಮುಟ್ಟುವ ಹೊತ್ತಿಗೆ ಇನ್ಸ್‌ಪೆಕ್ಟರ್ ಮಶೀನ್ ನೋಡಿ ಮುಗಿಸಿ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು. ಬೋರಸೆ ಸಾಹೇಬರು ಎದುರಿಗೆ, ಶಿವಪುತ್ರ ಪಕ್ಕದ ಕುರ್ಚಿಯಲ್ಲಿ. ನಾನು ಬಾಗಿಲಲ್ಲೇ ನಿಂತು, ನೀವು ನೋಡಿದ ಹಸಿರು ಗಾಜು ಈ ಮಶೀನಿನದಲ್ಲ, ನನ್ನ ಮಶೀನಿನಿಂದ ಇವತ್ತು ಕಿತ್ತು ತಂದದ್ದು, ಈ ಮನುಷ್ಯ ಅಕ್ರಿಲಿಕ್ ಮುಂದೆ ನಿಂತು ಕಣ್ಣು ಕಳೆದುಕೊಂಡಿದ್ದಾನೆ ಎಂದು ಒಂದೇ ಉಸಿರಿಗೆ ಹೇಳಿದೆ. ಇನ್ಸ್‌ಪೆಕ್ಟರ್ ಕಪ್ಪು ಕೆಳಗಿಟ್ಟು ಶಿವಪುತ್ರನನ್ನೇ ಕೇಳಿದರು. ಅವನು ತಲೆ ತಗ್ಗಿಸಿ, ಗಾಜು ಮೊದಲಿನಿಂದಲೂ ಹಸಿರೇ ಇತ್ತು, ನನ್ನದು ಶುಗರ್ ಎಂದು ಮರಾಠಿಯಲ್ಲಿ ಹೇಳಿದ. ನಾನು ಕಿವಿ ಕೆಟ್ಟಿತೇನೋ ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ, "ಈರಣ್ಣಾ, ನೀ ಇದರಾಗ ಬೀಳಬ್ಯಾಡ. ಕಣ್ಣು ನಂದು, ಹೋಗಿದ್ದೂ ನಂದು. ಸುಮ್ನ ಮನಿಗೆ ಹೋಗು" ಎಂದ.

ಇನ್ಸ್‌ಪೆಕ್ಟರ್ ಎದ್ದು ಹೋದರು. ಪೆಟ್ಟು ತಿಂದವನೇ ಪೆಟ್ಟು ಬಿದ್ದಿಲ್ಲ ಎಂದರೆ ಅವರಾದರೂ ಏನು ಮಾಡಿಯಾರು. ಗೇಟಿನ ಹೊರಗೆ ನಾನು ಶಿವಪುತ್ರನ ಕಾಲರ್ ಹಿಡಿದೆ, ಬಾಯಿಗೆ ಬಂದ ಹಾಗೆ ಬೈದೆ. ಮರುದಿನ ಗಾಜು ವಾಪಸ್ ವಾಳುಜ್‌ಗೆ ಬಂತು, ನನ್ನ ಕೈಯಿಂದಲೇ ಅದನ್ನು ಕೂರಿಸಿದರು. ಕೆಲವೇ ತಿಂಗಳಲ್ಲಿ ಅಶ್ವಿನಿಗೆ ಸಿನ್ನರ್‌ನಲ್ಲಿ ಕೆಲಸ ಸಿಕ್ಕಿದ ಸುದ್ದಿ ತಿಳಿಯಿತು. ಅಲ್ಲಿಗೆ ನನಗೆ ಲೆಕ್ಕ ಸಿಕ್ಕಿತು. ಮಗಳ ಕೆಲಸಕ್ಕೆ ಅಪ್ಪ ಕಣ್ಣು ಮಾರಿಕೊಂಡ ಎಂದು ನನ್ನ ಹೆಂಡತಿಯ ಮುಂದೆ ಕೂಗಾಡಿದೆ. ಹಿಂದಿನ ಓಣಿಯಲ್ಲಿದ್ದವನ ಮನೆಯ ಹೊಸ್ತಿಲು ಆಮೇಲೆ ತುಳಿಯಲಿಲ್ಲ. ಹಬ್ಬಕ್ಕೆ ಅವರ ಮನೆಯಿಂದ ಹೋಳಿಗೆ ಬಂದರೆ ನನ್ನ ತಟ್ಟೆಗೆ ಹಾಕಬೇಡ ಎನ್ನುತ್ತಿದ್ದೆ. ಸಿನ್ನರ್ ಶೆಡ್ಡಿನ ಕಡೆಗೂ ಕಾಲಿಡಲಿಲ್ಲ.

ಕೆಲಸ ಬದಲಾಗುತ್ತ ಹೋಯಿತು. ಈಗಿನ ಮಶೀನಿಗೆ ತಗಡಿನ ಹೆಸರು ಹೇಳಿದರೆ ಪವರ್, ಸ್ಪೀಡ್, ಗ್ಯಾಸ್ ಎಲ್ಲ ತಾನೇ ತಂದುಕೊಳ್ಳುತ್ತದೆ. ಮೂಲೆಯಲ್ಲಿ ಪವರ್ ತಾನೇ ಇಳಿಸುತ್ತದೆ. ಚೆನ್ನಾಗಿದೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೂ ತುಕ್ಕು ತಗಡು ಬಂದ ದಿನ ನೀವು ಕಿಟಕಿಯ ಹತ್ತಿರ ಹೋಗಿಯೇ ಹೋಗುತ್ತೀರಿ, ಕಿಡಿ ನೋಡಿ ಗುಂಡಿ ಮುಟ್ಟಿಯೇ ಮುಟ್ಟುತ್ತೀರಿ. ಅದನ್ನು ಬೇಡವೆನ್ನಲು ನನಗೂ ಬಾಯಿ ಬರುವುದಿಲ್ಲ. ಕಿಡಿ ಓದಬಲ್ಲವನಷ್ಟು ಚೆನ್ನಾಗಿ ಯಾವ ಚಾರ್ಟೂ ಕತ್ತರಿಸುವುದಿಲ್ಲ.

ನನ್ನ ಬೀಳ್ಕೊಡುಗೆಯನ್ನು ಸಿನ್ನರ್ ಕ್ಯಾಂಟೀನಿನಲ್ಲಿ ಇಟ್ಟುಕೊಂಡಿದ್ದರು. ಶಾಲು, ತೆಂಗಿನಕಾಯಿ, ಗಡಿಯಾರ, ಹಿಂದೆ ಬ್ಯಾನರ್. ಬೋರಸೆ ಸಾಹೇಬರು ಅತ್ತಿಂದಿತ್ತ ಓಡಾಡುತ್ತಿದ್ದರು. ಸಭೆ ಶುರುವಾಗುವ ಮೊದಲು ಶಿವಪುತ್ರ ಗೋಡೆ ಹಿಡಿದುಕೊಂಡು ಒಳಗೆ ಬಂದ. ಮಗಳು ಒತ್ತಾಯ ಮಾಡಿ ಕರೆಸಿದ್ದಳಂತೆ, ಆಕೆಗೆ ಇನ್ನೊಂದು ಶೀಟು ಮುಗಿಸುವುದಿತ್ತು, ಆಮೇಲೆ ಬರುವವಳಿದ್ದಳು. ಅವನು ಈಗ ಎದುರಿಗೆ ನಿಂತವರ ಮುಖ ನೋಡಬೇಕಾದರೆ ಕತ್ತು ಓರೆ ಮಾಡಿ ಪಕ್ಕದಿಂದ ನೋಡುತ್ತಾನೆ. ಹಾಗೆ ನನ್ನನ್ನು ಹುಡುಕಿಕೊಂಡು ಬಂದು ತೋಳು ಹಿಡಿದ. ಬಿಡಿಸಿಕೊಳ್ಳಬೇಕು ಎನ್ನಿಸಿತು, ಆಗಲಿಲ್ಲ.

"ಇನ್ನೂ ಸಿಟ್ಟಿನ್ಯಾಗ ಅದಿಯೇನು?" ಎಂದ. ಹೌದು ಎಂದೆ.

"ಬರೇ ಮಗಳ ಕೆಲಸಕ್ಕ ಸುಳ್ಳ ಹೇಳಿದೆ ಅಂತ ತಿಳಕೊಂಡೀ. ಹಂಗಲ್ಲೋ. ಹೊಸಾ ಹಸಿರು ಗ್ಲಾಸ್ ಆರ್ಡರ್ ಮಾಡೇನಿ, ಬಂದ ಕೂಡ್ಲೆ ಪಕ್ಕಾ ಕೂಡಸ್ತೀನಿ ಅಂತ ಸಾಹೇಬ ದೇವರ ಮ್ಯಾಲೆ ಆಣಿ ಮಾಡಿದ. ನೀ ಖರೇ ಹೇಳಿದ್ರ ಕಾರ್ಖಾನಿ ಬಂದ್ ಆಗತೈತಿ, ಎಲ್ಲಾರ ಹೊಟ್ಟಿ ಮ್ಯಾಲೆ ಕಲ್ಲು ಬೀಳತೈತಿ ಅಂದ. ನಂದು ಹೋತು, ಮುಂದ ನಿಲ್ಲೋರ ಕಣ್ಣಾದ್ರೂ ಉಳಿಲಿ ಅಂದೆ. ಗ್ಲಾಸ್ ಕೂಡಸತಾರ ಅಂತನ ಅಶ್ವಿನೀನ ಆ ಮಶೀನಿಗೆ ಬಿಟ್ಟೇನಿ. ಆಕಿಗೂ ಶುಗರ್ ಅಂತನ ಹೇಳೇನಿ."

ಇಷ್ಟು ವರ್ಷ ನಾನು ಅವನ ಮೇಲೆ ಕಾಯ್ದಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. ಆ ಗಾಜು ಬಂದದ್ದನ್ನು ನೀನು ನೋಡಿದೆಯಾ ಎಂದು ಕೇಳಿದೆ. ಆಮೇಲೆ ತಾನು ಕೆಲಸ ಬಿಟ್ಟೆ, ಶೆಡ್ಡಿಗೆ ಹೋಗಿಯೇ ಇಲ್ಲ, ಗ್ಲಾಸ್ ಚಲೋ ಇದೆಯಾ ಎಂದು ಮಗಳನ್ನು ಕೇಳಿದ್ದೇನೆ, ಚಲೋ ಇದೆ ಎಂದಿದ್ದಾಳೆ ಎಂದ. ನಾನು ಅವನ ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದೆ.

ಮಶೀನ್ ನಡೆಯುತ್ತಿತ್ತು. ಅಶ್ವಿನಿ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದಳು, ಒಂದು ಕೈ ಗುಂಡಿಯ ಮೇಲೆ. ಅಪ್ಪ ಮನೆಯಲ್ಲಿ ಬಾಯಿಮಾತಿನಲ್ಲಿ ಕಲಿಸಿದ ವಿದ್ಯೆ. ದೂರದಿಂದಲೇ ನನಗೆ ಕಂಡಿತು. ಆದರೆ ಅದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಶಿವಪುತ್ರ ನಿಂತಲ್ಲಿಂದಲೇ ಗಂಟಲು ಏರಿಸಿ ಕೇಳಿದ, "ಅಶ್ವಿನೀ, ಕಿಟಕಿ ಗ್ಲಾಸ್ ಯಾವ ಕಲರ್ ಐತಿ?"

ಆಕೆ ಈ ಕಡೆ ತಿರುಗಿ ನಕ್ಕಳು. "ಕಲರ್? ಕಲರ್ ಕಾಹೀ ನಾಹೀ, ಅಪ್ಪಾ. ಪೂರಾ ಕ್ಲಿಯರ್ ಐತಿ. ಕಿಡಿ ಮಸ್ತ್ ಕಾಣ್ತಾವು."

ಶಿವಪುತ್ರ ನನ್ನ ಕೈ ಬಿಡಿಸಿಕೊಂಡ. ತಡವುತ್ತ ಹೋಗಿ ಪ್ಯಾನೆಲ್ಲಿನ ಕೆಂಪು ಬಟನ್ ಮೇಲೆ ಅಂಗೈ ಇಟ್ಟು ಒತ್ತಿದ. ಹೆಡ್ ಅರ್ಧದಲ್ಲೇ ನಿಂತಿತು, ಶೆಡ್ಡೆಲ್ಲ ಸದ್ದಡಗಿತು. ಮಶೀನ್ ಯಾರು ನಿಲ್ಲಿಸಿದ್ದು ಎಂದು ಕೇಳುತ್ತ ಬೋರಸೆ ಸಾಹೇಬರು ಕ್ಯಾಂಟೀನಿನಿಂದ ಬಂದರು, ಅವರ ಹಿಂದೆ ಶೇಠ್, ನನ್ನ ಶಾಲು ಹಿಡಿದುಕೊಂಡಿದ್ದ ಕ್ಲಾರ್ಕ್, ಸಭೆಗೆ ಕೂತಿದ್ದವರೆಲ್ಲ. ಶಿವಪುತ್ರ ಬಟನ್ ಮೇಲಿನ ಕೈ ತೆಗೆಯಲಿಲ್ಲ. ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದ, ನಾನು ನಿಲ್ಲಿಸಿದ್ದು, ನನ್ನ ಕಣ್ಣು ಶುಗರಿನಿಂದ ಹೋಗಿಲ್ಲ, ಈ ಕಿಟಕಿಯಿಂದ ಹೋಯಿತು, ನಾನು ಸುಳ್ಳು ಹೇಳಿದೆ, ನನಗೆ ಸುಳ್ಳು ಹೇಳಿದವರು ಇಲ್ಲೇ ನಿಂತಿದ್ದಾರೆ. ಇನ್ನು ಈ ಮಶೀನ್ ನಡೆಯಬೇಕಾದರೆ ನನ್ನ ಕೈ ಕಡಿದು ನಡೆಸಿ ಎಂದ. ಬೋರಸೆ ಸಾಹೇಬರು ಶೇಠ್ ಮುಖ ನೋಡಿದರು. ಶೇಠ್ ನೆಲ ನೋಡಿದರು. ಅಶ್ವಿನಿ ಕಿಟಕಿಯಿಂದ ಹಿಂದೆ ಸರಿದು, ಆ ತಿಳಿ ಅಕ್ರಿಲಿಕ್ಕನ್ನೂ ಅಪ್ಪನನ್ನೂ ನೋಡುತ್ತ ನಿಂತಿದ್ದಳು.

ಸಭೆ ನಡೆಯಲಿಲ್ಲ. ಶಾಲನ್ನು ನಾನು ಮುಟ್ಟಲಿಲ್ಲ. ಆ ಮಶೀನ್ ಇವತ್ತಿನವರೆಗೆ ಬಂದ್ ಇದೆ, ನಾವು ಮೂವರೂ ಇನ್ಸ್‌ಪೆಕ್ಟರ್ ಆಫೀಸಿಗೆ ಹೋಗಿ ಹೇಳಬೇಕಾದ್ದನ್ನು ಹೇಳಿ ಬಂದಿದ್ದೇವೆ. ಕಂಪನಿಯವರು ಮತ್ತೆ ಏನು ಕಥೆ ಕಟ್ಟುತ್ತಾರೋ ನೋಡೋಣ. ಹೋದ ವಾರದಿಂದ ಅಶ್ವಿನಿ ಪುಸ್ತಕದ ಸಾಲು ಅಲ್ಲಲ್ಲಿ ಅಲುಗಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದಾಳೆ. ಗುರುವಾರ ಆಕೆಯನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ. ರಕ್ತ ಪರೀಕ್ಷೆ ಮೊದಲೇ ಮಾಡಿಸಿಟ್ಟಿದ್ದೇನೆ. ಆ ಹುಡುಗಿಗೆ ಸಕ್ಕರೆ ಕಾಯಿಲೆ ಇಲ್ಲ.